ಭಾವನ ರಿವಾಲ್ವರ್

೨೦೧೧ರ ಅಕ್ಟೋಬರ್ ಐದು, ಬುಧವಾರ, ಮಹಾನವಮಿ. ಠಾಣೆ ನಗರದ ಪಶ್ಚಿಮಕ್ಕಿರುವ ನೌಪಾಡಾ ಭಾಗದ ಪೊಲೀಸ್ ಸ್ಟೇಷನ್ನಿನಲ್ಲಿ ಮರುದಿನದ ದಸರೆಗೆ ಸಿದ್ಧತೆ ನಡೆದಿತ್ತು. ಹಳೆಯ ರೈಫಲ್‌ಗಳಿಗೆ ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿದ್ದರು. ಹೆಡ್ ಕಾನ್‌ಸ್ಟೇಬಲ್ ಭೀಮಮ್ಮ ಅವುಗಳೆದುರು ಕುಳಿತು ಚೆಂಡು ಹೂವಿನ ಮಾಲೆ ಕಟ್ಟುತ್ತಿದ್ದಳು. ರಾತ್ರಿ ಎಂಟೂ ಹತ್ತಕ್ಕೆ ಹೋಟೆಲ್ ಸುಪ್ರಸಾದದ ಮಾಲೀಕ ಜಯಶೀಲ ಉಡುಪರು ಒಳಗೆ ಬಂದರು. ಬಿಳಿ ಜುಬ್ಬದ ಎದೆಯ ಮೇಲೆ ಕುಂಕುಮ, ತೋಳಿನ ಮೇಲೆ ಪಾಯಸ, ಹೊಟ್ಟೆಯ ಮೇಲೆ ರಕ್ತ. ರಕ್ತ ಅವರದಲ್ಲ.

"ಇನ್ಸ್‌ಪೆಕ್ಟರ್ ಎಲ್ಲಿ? ಜೀವಕ್ಕೆ ಅಪಾಯ ಇಲ್ಲ ಅಂತ ಬರೆದ್ರಲ್ಲ, ಅವರು ಎಲ್ಲಿ?"

ಅವರು ಅಲ್ಲೇ ಇದ್ದರು. ಇನ್ಸ್‌ಪೆಕ್ಟರ್ ರಮಾಕಾಂತ ಬಿರಾಜದಾರರು ಅಕ್ಕಲಕೋಟೆಯ ಕಡೆಯವರು. ಮನೆಯಲ್ಲಿ ಕನ್ನಡ, ನೌಕರಿಯಲ್ಲಿ ಮರಾಠಿ. ಈ ಕಾರಣಕ್ಕೆ ಠಾಣೆ ನಗರದ ಕನ್ನಡ ಹೋಟೆಲಿನವರ ತಂಟೆ ತಕರಾರೆಲ್ಲ ತಾನಾಗಿ ಅವರ ಮೇಜಿಗೆ ಬರುತ್ತಿದ್ದವು. ಪುಕ್ಕಟೆ ಇಡ್ಲಿಗಾಗಿ ಅವುಗಳನ್ನು ಕೇಳಿ ತೆಗೆದುಕೊಳ್ಳುತ್ತಾರೆಂದು ಸಹೋದ್ಯೋಗಿಗಳು ಹೇಳಿಕೊಳ್ಳುತ್ತಿದ್ದರು. ಅವರು ದುಡ್ಡು ಕೊಟ್ಟೇ ತಿನ್ನುತ್ತಿದ್ದರು, ಆದರೆ ಪೊಲೀಸಿನವನೊಬ್ಬ ಬಿಲ್ಲು ಕೊಟ್ಟನೆಂದರೆ ನಂಬುವವರು ಯಾರು?

ಜೂನ್ ತಿಂಗಳಲ್ಲಿ ಉಡುಪರು ರಿವಾಲ್ವರ್ ಲೈಸೆನ್ಸಿಗೆ ಅರ್ಜಿ ಹಾಕಿದ್ದಾಗ ವಿಚಾರಣೆಗೆ ಹೋದವರೂ ಬಿರಾಜದಾರರೇ.

"ಯಾರರ ಧಮ್ಕಿ ಹಾಕ್ಯಾರೇನ್ರಿ?" ಎಂದು ಕೇಳಿದ್ದರು.

"ಇನ್ನೂ ಹಾಕ್ಲಿಲ್ಲ. ಹಾಕಬಹುದು."

"ಯಾರು?"

"ನಮ್ಮ ಭಾವನ ಹತ್ತಿರ ಉಂಟಲ್ಲ ರಿವಾಲ್ವರು!"

ಇದು ಬೇರೆ ಯಾವುದೋ ಪ್ರಶ್ನೆಗೆ ಉತ್ತರವೆಂದು ಆಗ ಬಿರಾಜದಾರರಿಗೆ ಅನ್ನಿಸಿತ್ತು. 'ಅರ್ಜಿದಾರರ ಜೀವಕ್ಕೆ ಅಪಾಯ ಕಂಡುಬರುವುದಿಲ್ಲ' ಎಂದು ವರದಿ ಬರೆದರು. ಅರ್ಜಿ ಬಿದ್ದುಹೋಯಿತು. ಅಂದಿನಿಂದ ಉಡುಪರು ರಸ್ತೆಯಲ್ಲಿ ಸಿಕ್ಕರೆ, ಜೀವಂತವಾಗಿರುವುದೇ ತಮ್ಮ ತಪ್ಪೆಂಬಂತೆ ನಗುತ್ತಿದ್ದರು.

"ಕೂಡ್ರಿ," ಎಂದರು ಬಿರಾಜದಾರರು. "ಏನಾತು?"

"ಎಂತ ಆಗುದು ಬಾಕಿ ಉಂಟು? ನನ್ನ ಹೋಟೆಲಿಗೆ ಗುಂಡು ಹೊಡೆದ್ರು. ನಮ್ಮ ಚನಿಯನ ತೊಡೆಗೆ ಬಿತ್ತು. ನಾನು ಭಾವನ ಹೋಟೆಲಲ್ಲಿ ಆಯುಧ ಪೂಜೆ ಊಟಕ್ಕೆ ಹೋದದ್ದು. ಬಂದು ಹಿಂದಿನ ಶಟರ್ ಎತ್ತಿದ್ರೆ ಅವ ಮೈದಾ ಚೀಲದ ಮೇಲೆ... ಎಷ್ಟು ರಕ್ತ ಮಾರಾಯ್ರೆ! ರಿಕ್ಷಾದಲ್ಲಿ ನನ್ನ ಮಡಿಲಲ್ಲೇ ಮಲಗಿಸಿಕೊಂಡು ಸಿವಿಲ್ ಆಸ್ಪತ್ರೆಗೆ ಹಾಕಿ ಬಂದೆ." ಉಡುಪರು ಅತ್ತುಬಿಟ್ಟರು. ಅಳು ನಿಜವಾದದ್ದು; ಇಪ್ಪತ್ತು ವರ್ಷಗಳಲ್ಲಿ ಸುಳ್ಳು ಅಳುವಿನ ಎಲ್ಲ ತಳಿಗಳನ್ನೂ ಕಂಡಿದ್ದ ಬಿರಾಜದಾರರು ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

"ಹೊಡದವ್ರನ್ನ ನೋಡೀರೇನು?"

"ನಾನು ಇರ್ಲೇ ಇಲ್ಲಲ್ಲ, ಹೇಗೆ ನೋಡುದು? ಇಬ್ಬರು. ಬೈಕಿನಲ್ಲಿ."

"ನೋಡಿಲ್ಲಂದ್ರ ಬೈಕ್ ಹೆಂಗ ಗೊತ್ತಾತು?"

"ಅವರು ಯಾವಾಗ್ಲೂ ಬೈಕಿನಲ್ಲೇ ಬರುದು. ಪೇಪರಲ್ಲಿ ಓದುದಿಲ್ವಾ ನೀವು?"

ಅಪರಿಚಿತರ ವಿರುದ್ಧ ಕೊಲೆಯತ್ನ ಮತ್ತು ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಉಡುಪರು ಹೊರಗೆ ಹೋಗಿ, ಯಾರು ಕರೆದರೋ ತಿಳಿಯದ ಟಿವಿ ಕ್ಯಾಮೆರಾದ ಎದುರು ನಿಂತು, ತಾವು ರಕ್ಷಣೆ ಕೇಳಿದ್ದನ್ನೂ ಪೊಲೀಸರು ಕೊಡದಿದ್ದನ್ನೂ ಹಿಂದಿಯಲ್ಲಿ ವಿವರಿಸಿದರು. ರಕ್ತದ ಜುಬ್ಬ ಬದಲಾಯಿಸಿರಲಿಲ್ಲ.

ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಪಂಚನಾಮೆ ನಡೆಯಿತು. ಪಕ್ಕದ ವಸತಿ ಸೊಸೈಟಿಯ ಮೈದಾನದಲ್ಲಿ ಗರ್ಬಾದ ಧ್ವನಿವರ್ಧಕ ಗುಡುಗುತ್ತಿತ್ತು. ಫಿರಂಗಿ ಹಾರಿಸಿದರೂ ಯಾರಿಗೂ ಕೇಳುವಂತಿರಲಿಲ್ಲ. ಶಟರಿನಲ್ಲಿ ಸೊಂಟದೆತ್ತರಕ್ಕೆ ಒಂದು ತೂತು. ತೂತಿನ ಸುತ್ತ ಕಪ್ಪು ಮಸಿಯ ಉಂಗುರ. ಕಾಡತೂಸಿನ ಖಾಲಿ ಕೋಶ ನೆಲದ ಮೇಲೆಲ್ಲೂ ಇರಲಿಲ್ಲ.

"ಮಸಿ ಹತ್ಯದ," ಎಂದರು ಬಿರಾಜದಾರರು. "ಅಂದ್ರ ನಳಿಗೆ ಶಟರಿಗಿ ತಾಗೂವಷ್ಟು ಹತ್ತರ ಹಿಡದು ಹೊಡದಾನ. ಕೋಶ ಬಿದ್ದಿಲ್ಲ, ಅಂದ್ರ ರಿವಾಲ್ವರ್."

"ಹೆದರಸಾಕ ಬಂದಿರಬೇಕ್ರಿ ಸಾಹೇಬ್ರ," ಎಂದಳು ಭೀಮಮ್ಮ. "ಹಫ್ತಾ ವಸೂಲಿಯವ್ರು ಶಟರಿಗೇ ಹೊಡೀತಾರಲ್ರಿ."

"ಹೊಡೀತಾರ. ಆದ್ರ ಮುಂದಿನ ಶಟರಿಗೆ. ನಾಲ್ಕು ಮಂದಿ ನೋಡ್ಲಿ, ನಾಳಿ ಪೇಪರ್‌ನ್ಯಾಗ ಬರ್ಲಿ ಅಂತ. ಈ ಕತ್ತಲ ಗಲ್ಲಿಯೊಳಗ, ಕಸದ ಡಬ್ಬಿ ಮುಂದ, ಯಾರ್ನ ಹೆದರಸ್ತಾನ? ಹೆಗ್ಗಣಕ್ಕೇನು?"

ಗಲ್ಲಿಯ ಬಾಯಿಯಲ್ಲಿ ಹೂ ಮಾರುವವಳನ್ನು ಕೇಳಿದರು. ಸಂಜೆಯಿಂದ ಅಲ್ಲೇ ಕೂತಿದ್ದಾಳೆ, ಬೈಕು ಬಂದಿಲ್ಲ. ನಡೆದು ಬಂದವರು? ನವರಾತ್ರಿಯ ಸಂಜೆ, ರೇಷ್ಮೆ ಶಾಲು ಹೊದ್ದವರು ನೂರು ಜನ ನಡೆದಿದ್ದಾರೆ, ಯಾರನ್ನು ನೆನಪಿಡುವುದು ಎಂದಳು.

ಮರುದಿನ, ದಸರೆಯ ಬೆಳಿಗ್ಗೆ, ಡಿಸಿಪಿಯವರ ಫೋನು ಬಂತು. "ಬಿರಾಜದಾರ್, ಅರ್ಜ್ ತೂಚ್ ನಾಕಾರ್‌ಲಾ ಹೋತಾಸ್ ನಾ?" ಅರ್ಜಿ ಬೇಡವೆಂದವನು ನೀನೇ ಅಲ್ಲವೇ ಎಂಬ ಆ ಒಂದೇ ಪ್ರಶ್ನೆ ಕೇಳಿ ಅವರು ಫೋನಿಟ್ಟರು. ಎಲ್ಲ ಮರಾಠಿ ಪತ್ರಿಕೆಗಳಲ್ಲೂ ಉಡುಪರ ಜುಬ್ಬವಿತ್ತು. ಬೆದರಿಕೆ ನಿಜವಾಗಿದ್ದರೆ, ಆಳು ಸತ್ತರೆ, ಆ ಸಾವಿಗೆ ಬಿರಾಜದಾರರ ಒಂದು ಸಾಲಿನ ವರದಿ ಅಂಟಿಕೊಳ್ಳುತ್ತದೆ. ಸಂಜೆಯೊಳಗೆ ಕೇಸು ಕ್ರೈಂ ಬ್ರಾಂಚಿಗೆ ಹೋಗುವುದೂ ಬಹುತೇಕ ಖಚಿತ. ಅಲ್ಲಿ ಅವರದೇ ಬ್ಯಾಚಿನವನೊಬ್ಬ ಕುಳಿತಿದ್ದ. ಎರಡು ಮೆಡಲು, ಒಂದು ಎಸಿ ಕೋಣೆ. ಕೇಸು ಹೋದರೂ ಅಡ್ಡಿಯಿಲ್ಲ, ಆದರೆ ಅವನಿಗೆ ಹೋಗಬಾರದು ಎಂದು ಬಿರಾಜದಾರರು ಶೇವಿಂಗ್ ಮಾಡುವಾಗ ತೀರ್ಮಾನಿಸಿದರು.

ಆಸ್ಪತ್ರೆಯಲ್ಲಿ ಚನಿಯನ ತೊಡೆಯಿಂದ ಗುಂಡು ತೆಗೆದಿದ್ದರು. ಪಾಯಿಂಟ್ ಥರ್ಟಿಟೂ. ರಕ್ತ ಬಹಳ ಹೋಗಿದೆ, ಮೂಳೆ ಒಡೆದಿದೆ, ಕಾಲು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಚನಿಯನಿಗೆ ಎಚ್ಚರವಿತ್ತು. ಮೂವತ್ತು ವರ್ಷದಿಂದ ಸುಪ್ರಸಾದದಲ್ಲಿ ದೋಸೆ ಹುಯ್ಯುತ್ತಿದ್ದ ಮುದುಕ. ಊರಿನಲ್ಲಾಗಿದ್ದರೆ ಉಡುಪರ ಮನೆಯ ಅಂಗಳ ದಾಟುವಂತಿರಲಿಲ್ಲ. ಇಲ್ಲಿ ಅವನು ಕಾವಲಿ ಬಿಟ್ಟು ಏಳದಿದ್ದರೆ ಸಾಕಿತ್ತು.

"ಎಲ್ಲಾರೂ ಊಟಕ್ಕ ಹೋಗಿದ್ರಂತ. ನೀ ಯಾಕ ಹೋಗ್ಲಿಲ್ಲ?" ಎಂದು ಬಿರಾಜದಾರರು ಕೇಳಿದರು.

"ನಾನಾ? ಅಲ್ಲಿಗಾ?" ಚನಿಯ ಮುಖ ಆಚೆ ತಿರುಗಿಸಿದ. "ಅಲ್ಲಿ ಅಡುಗೆ ಯಾರದ್ದು ಗೊತ್ತುಂಟಾ ಸಾಮಿ? ವಿಷ್ಣುಮೂರ್ತಿದು. ಅವನಿಗೆ ಸಟ್ಟುಗ ಹಿಡಿಲಿಕ್ಕೆ ಕಲಿಸಿದ್ದು ನಾನು. ಈಗ ಅವ ಅಲ್ಲಿ ಹೆಡ್ ಕುಕ್ಕಂತೆ, ತಲೆಗೆ ಬಿಳಿ ಟೊಪ್ಪಿ ಬೇರೆ. ಅವ ಬಡಿಸಿದ ಪಾಯಸ ನಾನು ಉಣ್ಣುದಾ? ಹೋಗ್ತೇನೆ ಅಂತ ದಣಿಗೆ ಹೇಳಿ, ಹೋಗದೆ ಒಳಗೇ ಮಲಗಿದೆ."

"ದಣಿ ಹೋಗು ಅಂದ್ರೇನು?"

"ಎಲ್ಲರಿಗೂ ಹೇಳಿದ್ರು. ಅದೇ ನನಗೂ ಆಶ್ಚರ್ಯ. ಪ್ರತಿ ವರ್ಷ, ಆ ಹೋಟೆಲಿನ ಪ್ರಸಾದ ಒಬ್ಬ ತಂದರೂ ಕೆಲಸದಿಂದ ತೆಗೀತೇನೆ ಅನ್ನುವವರು. ಈ ವರ್ಷ, ಒಬ್ಬನೂ ಉಳೀಬಾರದು, ಎಲ್ಲ ಹೋಗಿ, ಸಂಬಂಧಿಕರಲ್ವಾ ಅಂದ್ರು. ವಯಸ್ಸಾಯ್ತು, ಮನಸ್ಸು ತಿರುಗಿತು ಅಂತ ಕಾಣ್ತದೆ."

ಬಿರಾಜದಾರರು ಹೇಳಿಕೆಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮನಸ್ಸು ತಿರುಗುವುದು ಮನುಷ್ಯರಿಗೆ ಸಹಜ. ಆದರೆ ಅವರ ಅನುಭವದಲ್ಲಿ ಹೋಟೆಲಿನವರ ಮನಸ್ಸು ಹಬ್ಬದ ದಿನ, ವ್ಯಾಪಾರದ ಸಂಜೆ, ತಿರುಗಿದ್ದಿಲ್ಲ.

ಸ್ಟೇಷನ್ ವ್ಯಾಪ್ತಿಯಲ್ಲಿ ಆ ಅಳತೆಯ ರಿವಾಲ್ವರಿಗೆ ಲೈಸೆನ್ಸ್ ಇದ್ದವರು ಕೆಲವೇ ಜನ. ಎಲ್ಲರಿಗಿಂತ ಹತ್ತಿರದವರು, ಎರಡು ಗಲ್ಲಿ ಆಚೆಯ ಹೋಟೆಲ್ ಯಜ್ಞಶ್ರೀಯ ಯಜ್ಞೇಶ್ವರ ಹೊಳ್ಳರು. ಉಡುಪರ ತಂಗಿ ನಳಿನಾಕ್ಷಿಯ ಗಂಡ. ಉಡುಪರೂ ಹೊಳ್ಳರೂ ಪರಸ್ಪರ 'ಭಾವ' ಎಂದೇ ಕರೆದುಕೊಳ್ಳುವವರು. ಆ ಒಂದು ಮಾತಿನಲ್ಲಿ ಮಾತ್ರ ಅವರಿಬ್ಬರೂ ಸರಿಸಮ.

ಒಂಬತ್ತೂವರೆಗೆ ಬಿರಾಜದಾರರು ಭೀಮಮ್ಮನೊಂದಿಗೆ ಹೋದಾಗ ಹೊಳ್ಳರು ಹೋಟೆಲಿನ ಕೆಳಗಿನ ಹಾಲಿನಲ್ಲಿ ಒಬ್ಬರೇ ನಿಂತಿದ್ದರು. ಹಾಲಿನ ಮೂಲೆಯಲ್ಲಿ ಪೂಜೆಯ ಮಂಟಪ: ಗ್ರೈಂಡರಿಗೆ ಹೂಮಾಲೆ, ಈಳಿಗೆಮಣೆಗೆ ಕುಂಕುಮ, ಸ್ಕೂಟರಿನ ಕೀಲಿಗೆ ಗಂಧ. ನಡುವೆ ಬಾಳೆಲೆಯ ಮೇಲೆ ರಿವಾಲ್ವರ್, ಅದರ ಪಕ್ಕ ವೀಳ್ಯದೆಲೆಯ ಮೇಲೆ ನಿಲ್ಲಿಸಿದ ಗುಂಡುಗಳು. ಪ್ರತಿಯೊಂದು ಗುಂಡಿಗೂ ಕುಂಕುಮದ ಬೊಟ್ಟು. ಫ್ಯಾನಿನ ಕೆಳಗೆ ನಿಂತಿದ್ದ ಹೊಳ್ಳರು ಬೆವರುತ್ತಿದ್ದರು.

"ಇದು ಯಾವಾಗಿಂದ ಇಲ್ಲಿ ಅದ?"

"ನಿನ್ನೆ ಸಂಜೆಯಿಂದ. ಪೂಜೆಗೆ ಇಟ್ಟ ಆಯುಧ ದಶಮಿ ಬೆಳಿಗ್ಗೆವರೆಗೆ ಮುಟ್ಟಬಾರದಲ್ಲ."

"ವರ್ಷಾ ಪೂರ್ತಿ ಎಲ್ಲಿ ಇಡ್ತೀರಿ?"

"ದಿಂಬಿನ ಅಡಿಗೆ. ಬೀರುವಿನಲ್ಲಿ ಬೀಗ ಹಾಕಿ. ಒಟ್ಟು ಭದ್ರವಾಗಿ."

"ಮುನ್ನೂರ ಅರವತ್ನಾಲ್ಕು ದಿನ ಭದ್ರ. ಒಂದಿನ ಊರ ಮಂದಿಗೆಲ್ಲ ದರ್ಶನ. ಮ್ಯಾಲ ಊಟ ನಡದಾಗ ಇಲ್ಲಿ ಯಾರಿದ್ರು?"

"ದೇವರು ಇದ್ದ," ಎಂದರು ಹೊಳ್ಳರು.

ಬಿರಾಜದಾರರು ಕರವಸ್ತ್ರದಲ್ಲಿ ರಿವಾಲ್ವರ್ ಎತ್ತಿ ಮೂಸಿದರು. ಗಂಧದ ವಾಸನೆ. ಗಂಧದ ಹಿಂದೆ ಸುಟ್ಟ ಮದ್ದಿನ ವಾಸನೆ. ವೀಳ್ಯದೆಲೆಯ ಮೇಲಿನ ಚೆಂಡು ಹೂವನ್ನು ಭೀಮಮ್ಮ ಸರಿಸಿದಳು. ಅದರ ಮರೆಯಲ್ಲಿದ್ದ ಗುಂಡಿಗೆ ತಲೆಯೇ ಇರಲಿಲ್ಲ: ಬರಿ ಕೋಶ, ಅದಕ್ಕೂ ಬೊಟ್ಟು.

ಹೊಳ್ಳರು ಕುರ್ಚಿಯಲ್ಲಿ ಕುಸಿದರು. "ಬೆಳಿಗ್ಗೆ ನೋಡಿದೆ. ನಾನಲ್ಲ, ದೇವರಾಣೆ ನಾನಲ್ಲ! ಹೇಳಿದ್ರೆ ಲೈಸೆನ್ಸ್ ಹೋಗ್ತದೆ ಅಂತ..."

"ನಿಮ್ಮ ಭಾವನ ಹೋಟೆಲಿನ್ಯಾಗ ಒಬ್ಬಾಂವ ಸಾಯಾಕ ಬಿದ್ದಾನ. ನಿಮಗ ಲೈಸೆನ್ಸಿನ ಚಿಂತಿ."

"ಆರು ವರ್ಷದಿಂದ ಅವರಿಗೆ ಅದೇ ಚಿಂತೆ," ಎಂದಿತು ಒಂದು ಹೆಣ್ಣು ದನಿ. ನಳಿನಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಐದನೇ ಇಸವಿಯಲ್ಲಿ ಯಾರೋ ಫೋನ್ ಮಾಡಿ ದುಡ್ಡು ಕೇಳಿದ್ರು. ಆ ಮನುಷ್ಯ ಮತ್ತೆ ಫೋನ್ ಮಾಡ್ಲೇ ಇಲ್ಲ. ಇದು ಮಾತ್ರ ಬಂದು ಮನೆಯಲ್ಲೇ ಉಳೀತು. ಬೆಕ್ಕು ಬಂದದ್ದಕ್ಕೆ ಕಳ್ಳ ಅಂತ ಬಾತ್‌ರೂಮಿನ ಗೀಸರಿಗೆ ಹೊಡೆದ್ರು."

"ನಳಿನೀ!"

"ಎಂತ ನಳಿನಿ? ನಿಮ್ಮ ದಿಂಬಿಗೆ ಹೆದರಿ ನಾನು ಮಗಳ ಕೋಣೆಯಲ್ಲಿ ಚಿಲಕ ಹಾಕಿ ಮಲಗುದು ಸುಳ್ಳಾ? ಕಳ್ಳನಿಗೆ ಹೆದರಿ ಯಾವತ್ತೂ ಚಿಲಕ ಹಾಕಿದವಳಲ್ಲ ನಾನು."

ಬಿರಾಜದಾರರು ಬಾಳೆಲೆಯತ್ತ ಬಗ್ಗಿದರು. ರಿವಾಲ್ವರ್ ಇದ್ದ ಜಾಗದಲ್ಲಿ, ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಒಂದು ಇಡೀ ಅಡಿಕೆ ಕಂಡಿತು. ಮೇಲೆ ನಾಲ್ಕು ಕಾಳು ಅಕ್ಷತೆ.

"ಇದು ಏನ್ರಿ ಅಮ್ಮಾ?"

ನಳಿನಾಕ್ಷಿ ಹತ್ತಿರ ಬಂದರು. "ಅದಾ? ಅದು ಪೀಠಕ್ಕೆ ಇಡುದು. ಪೂಜೆ ಮುಗಿಯುವ ಮೊದಲು ಏನಾದ್ರೂ ಎತ್ತಬೇಕಾದ್ರೆ ಅಕ್ಷತೆ ಹಾಕಿ ಕದಲಿಸಿ, ಆ ಜಾಗದಲ್ಲಿ ಒಂದು ಅಡಿಕೆ ಇಟ್ಟು ಮತ್ತೆ ಎತ್ತುದು. ಪೀಠ ಬರಿದಾಗಬಾರದು ಅಂತ. ಎಲ್ಲರ ಮನೆಯಲ್ಲಿ ಇಲ್ಲ ಇದು. ನಮ್ಮ ಅಪ್ಪ ಪುರೋಹಿತರಲ್ವಾ, ಬೆತ್ತದಲ್ಲಿ ಹೊಡೆದು ಕಲಿಸಿದ್ದು, ನಮಗೆ ಇಬ್ಬರಿ..."

ಮಾತು ಅಲ್ಲಿಗೆ ನಿಂತಿತು. ಅವರು ಅಡಿಕೆಯನ್ನು ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಸೆರಗಿನ ತುದಿಯಿಂದ ಮಂಟಪದ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದರು.

"ನಿಮ್ಮ ಮನೆಯವ್ರಿಗೆ ಬರ್ತದೇನು ಇದು?"

ನಳಿನಾಕ್ಷಿ ಒರೆಸುತ್ತಲೇ ಇದ್ದರು.

"ನನಗೆ ಸಂಧ್ಯಾವಂದನೆಯೇ ಸರಿ ಬರುದಿಲ್ಲ," ಎಂದರು ಹೊಳ್ಳರು, ಏನನ್ನು ಬಿಟ್ಟುಕೊಡುತ್ತಿದ್ದೇನೆಂಬ ಅರಿವಿಲ್ಲದೆ.

ಬಿರಾಜದಾರರಿಗೆ ಅಷ್ಟು ಸಾಕಾಗಿತ್ತು. ರಿವಾಲ್ವರ್, ಗುಂಡು, ಖಾಲಿ ಕೋಶ, ಅಡಿಕೆ ಎಲ್ಲವನ್ನೂ ಪಂಚರ ಎದುರು ಜಪ್ತಿ ಮಾಡಿದರು. ಅಡಿಕೆಗೂ ಸೀಲು ಹಾಕುವುದನ್ನು ಕಂಡು ಪಂಚರಲ್ಲೊಬ್ಬ ನಕ್ಕ. ಆಯುಧವನ್ನು ನಿರ್ಲಕ್ಷ್ಯದಿಂದ ಇಟ್ಟದ್ದಕ್ಕಾಗಿ ಹೊಳ್ಳರನ್ನು ಸ್ಟೇಷನ್ನಿಗೆ ಕರೆದೊಯ್ದರು. ಹಿಂದಿನ ಬಾಗಿಲಲ್ಲಿ ಬಿಳಿ ಟೊಪ್ಪಿ ಕೈಯಲ್ಲಿ ಹಿಡಿದು ವಿಷ್ಣುಮೂರ್ತಿ ನಿಂತಿದ್ದ.

"ನಿನ್ನಿ ಬಡಿಸಿದಾಂವ ನೀನೇ ಏನು?"

"ಹೌದು ಸರ್. ಚನಿಯಣ್ಣ ಹೇಗಿದ್ದಾರೆ ಸರ್?"

"ಅದಾನ. ಉಡುಪರು ಊಟಕ್ಕ ಪೂರ್ತಿ ಕೂತಿದ್ರೇನು?"

ವಿಷ್ಣುಮೂರ್ತಿ ಟೊಪ್ಪಿ ತಿರುಗಿಸಿದ. "ಸಾರಿಗೆ ಇದ್ರು. ಪಾಯಸ ತಕೊಂಡು ಬಂದಾಗ ಎಲೆ ಮಾತ್ರ ಇತ್ತು. ಫೋನ್ ಬಂತಂತೆ. ಬಡಿಸಿಟ್ಟ ಪಾಯಸ ಕೆನೆ ಕಟ್ಟಿ ಆದ ಮೇಲೆ ಬಂದು ಅದೇ ಎಲೆಗೆ ಕೂತ್ರು. ತೋಳಿಗೆಲ್ಲ ಚೆಲ್ಲಿಕೊಂಡ್ರು. ನನಗೆ ಒಂಥರಾ ಆಯ್ತು ಸರ್. ಅಷ್ಟು ಮಡಿಯವರು, ಎಲೆ ಬಿಟ್ಟು ಎದ್ದು ಮತ್ತೆ ಅದೇ ಎಲೆಗೆ ಕೂರುದುಂಟಾ?"

ಮಧ್ಯಾಹ್ನ ಮೂರಕ್ಕೆ ಉಡುಪರನ್ನು ಸ್ಟೇಷನ್ನಿಗೆ ಕರೆಸಿದರು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಹೊಳ್ಳರನ್ನು ದಾಟುವಾಗ "ಎಂತ ಭಾವ, ಇಲ್ಲಿ?" ಎಂದು ಕೇಳಿದರು. ಕಳಕಳಿಯ ಪ್ರಶ್ನೆಯೇ, ಆದರೆ ಹುಬ್ಬುಗಳು ಮಾತ್ರ ಯಾವುದೋ ಮದುವೆಮನೆಗೆ ಹೊರಟಂತೆ ಮೇಲೇರಿದ್ದವು. ಬಾಗಿಲಲ್ಲಿದ್ದ ಭೀಮಮ್ಮ ಅದನ್ನು ನೋಡಿದಳು.

ರಿವಾಲ್ವರ್ ಮೇಜಿನ ಮೇಲೆ ಪಾರದರ್ಶಕ ಚೀಲದಲ್ಲಿತ್ತು.

"ನಿಮ್ಮ ಭಾವಂದು," ಎಂದರು ಬಿರಾಜದಾರರು. "ಇದ್ರಿಂದನೇ ಗುಂಡು ಹಾರ್ಯದ. ಅವ್ರ ಲೈಸೆನ್ಸ್ ಇನ್ನ ಹೋತು."

"ಛೆ ಛೆ," ಎಂದರು ಉಡುಪರು. "ಪೂರಾ ಹೋಯ್ತಾ?"

"ಪೂರಾ."

"ಮತ್ತೆ ಸಿಕ್ಕುದಿಲ್ವಾ?"

"ಈ ಜನ್ಮದಾಗ ಇಲ್ಲ."

ಉಡುಪರು ಮುಖವನ್ನು ಬಹಳ ಕಷ್ಟಪಟ್ಟು ದುಃಖದಲ್ಲಿ ನಿಲ್ಲಿಸಿದರು. "ಅವ ಹೀಗೆ ಮಾಡ್ತಾನೆ ಅಂತ ನಾನು ಹೇಳುದಿಲ್ಲ. ನನಗೆ ಶತ್ರುಗಳು ಇದ್ದಾರೆ ಅಂತ ಮಾತ್ರ ಈಗ ಗೊತ್ತಾಯ್ತಲ್ಲ. ನನ್ನ ಅರ್ಜಿ..."

"ಹಾಕ್ರಿ. ಈಗ ಯಾರೂ ಬ್ಯಾಡ ಅನ್ನಂಗಿಲ್ಲ."

"ಇದೇ ನಮೂನೆಯದ್ದು ಸಿಕ್ತದಾ? ಅಲ್ಲ, ಇದಕ್ಕಿಂತ ಸ್ವಲ್ಪ ದೊಡ್ಡದು ಉಂಟಂತಲ್ಲ?"

ಬಿರಾಜದಾರರು ಎದ್ದು ಮೇಜಿನ ಮೇಲಿನ ಚೀಲವನ್ನು ಎತ್ತಿಕೊಂಡರು. ಭೀಮಮ್ಮ ಪೂಜೆಗೆ ತಂದಿದ್ದ ತಟ್ಟೆಯಿಂದ ಒಂದು ಅಡಿಕೆ ತೆಗೆದು ರಿವಾಲ್ವರ್ ಇದ್ದ ಜಾಗದಲ್ಲಿ ಇಟ್ಟರು.

ಉಡುಪರು ಅಡಿಕೆಯನ್ನು ನೋಡಿದರು. ಹೊರಗೆ ಯಾರೋ ಜೀಪಿನ ಮುಂದೆ ತೆಂಗಿನಕಾಯಿ ಒಡೆದರು.

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಿಮ್ಮ ತಂಗಿ ಸುಮ್ಮನಾದ್ರು."

ಉಡುಪರು ಅಡಿಕೆಯನ್ನು ಬೆರಳಿನಿಂದ ಆಚೆ ಸರಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಹೊಡೆದದ್ದು ಶಟರಿಗೆ. ಚನಿಯನಿಗೆ ಅಲ್ಲ," ಎಂದರು. "ನನ್ನ ಶಟರಿಗೆ ನಾನು ಹೊಡೆದದ್ದು. ಅದೂ ತಪ್ಪಾ?"

"ಊಟಕ್ಕ ಕೂತವ್ರು ಎದ್ದು ಹ್ವಾದ್ರಿ."

"ಕೆಳಗೆ ಯಾರೂ ಇರ್ಲಿಲ್ಲ. ಶಾಲಿನ ಅಡಿಗೆ ಹಿಡ್ಕೊಂಡು ಹೋದೆ. ಗುಂಡು ತುಂಬಿಸುದು ಅವನೇ ಕಲಿಸಿದ್ದು. ಗೃಹಪ್ರವೇಶ ಇರಲಿ, ಮುಂಜಿ ಇರಲಿ, ತೆಗೆದು ಎಲ್ಲರಿಗೂ ತೋರಿಸುದು, 'ಹಿಡೀರಿ ಭಾವ, ಹೆದರಬೇಡಿ' ಅಂತ ನನ್ನ ಕೈಗೆ ಕೊಡುದು. ಎಲ್ಲರೂ ನಗುದು. ಬೆಳಿಗ್ಗೆ ಬಂದು ತೂತು ನೋಡಿ ಕಂಪ್ಲೇಂಟ್ ಕೊಡುದು ಅಂತ ಇತ್ತು. ನೀವೂ ಸುಳ್ಳಾಗ್ತೀರಿ, ಅವನ ಲೈಸೆನ್ಸೂ ಹೋಗ್ತದೆ, ನನ್ನದೂ ಬರ್ತದೆ. ಊಟ ಮುಗಿಸಿ ಬರುವಾಗ ಮನಸ್ಸು ತಡೀಲಿಲ್ಲ. ತೂತು ಹೇಗೆ ಬಿದ್ದಿದೆ ಅಂತ ನೋಡುವ ಅಂತ ಹೋದೆ. ಒಳಗೆ ನರಳುದು ಕೇಳಿತು."

"ನೋಡಾಕ ಹೋಗಿರದಿದ್ರ ಅಂವ ಬೆಳತನಕಾ ಉಳೀತಿದ್ದಿಲ್ಲ."

"ಎಲ್ಲರನ್ನೂ ಕಳಿಸಿದ್ದೆ ನಾನು! ಒಬ್ಬರಿಗೂ ತಾಗಬಾರದು ಅಂತ ಲೆಕ್ಕ ಮಾಡಿ ಕಳಿಸಿದ್ದೆ. ಅವ ಯಾಕೆ ಹೋಗ್ಲಿಲ್ಲ?"

"ಹೊಟ್ಟೆಕಿಚ್ಚು ರೀ," ಎಂದರು ಬಿರಾಜದಾರರು. "ನಿಮ್ಮಂಗ."

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಕೇಸು ಕ್ರೈಂ ಬ್ರಾಂಚಿಗೆ ಹೋಗಲಿಲ್ಲ. ಬ್ಯಾಚ್‌ಮೇಟ್ ಫೋನ್ ಮಾಡಿ ಅಭಿನಂದಿಸಿದ. ಅವನ ದನಿಯಲ್ಲಿ ಸಂತೋಷ ಸ್ವಲ್ಪ ಕಡಿಮೆಯಿದ್ದದ್ದು ಬಿರಾಜದಾರರಿಗೆ ಆ ದಿನದ ಏಕೈಕ ಹಬ್ಬದೂಟವಾಯಿತು.

ಆರೋಪಪಟ್ಟಿಯಲ್ಲಿ ಉದ್ದೇಶವೆಂಬ ಕಡೆ ಏನು ಬರೆಯುವುದೆಂದು ಅವರಿಗೆ ತಿಳಿಯಲಿಲ್ಲ. ಆಸ್ತಿ ವಿವಾದವಿರಲಿಲ್ಲ, ಹಳೆಯ ಜಗಳವಿರಲಿಲ್ಲ. ಎಪ್ಪತ್ತೊಂಬತ್ತರಲ್ಲಿ ಊರಿನಿಂದ ಹೊಳ್ಳರನ್ನು ಕರೆತಂದವರು ಉಡುಪರೇ, ಟೇಬಲ್ ಒರೆಸುವುದನ್ನು ಕಲಿಸಿದವರೂ ಅವರೇ, ತಂಗಿಯನ್ನು ಕೊಟ್ಟವರೂ ಅವರೇ. ಭಾವ ಹೋಟೆಲ್ ಮಾಡಿದಾಗ ಸಹಿಸಿದರು, ಎಸಿ ಹಾಲ್ ಕಟ್ಟಿಸಿದಾಗಲೂ ಸಹಿಸಿದರು. ಆದರೆ ರಿವಾಲ್ವರ್ ಬಂದ ವರ್ಷ, ಹೋಟೆಲಿನವರ ಸಂಘದ ಗಣೇಶೋತ್ಸವದಲ್ಲಿ ಅಧ್ಯಕ್ಷರು ಭಾವನನ್ನು ಮುಂದಿನ ಸಾಲಿಗೆ ಕರೆದು, "ಇವರ ಜೀವಕ್ಕೆ ಅಪಾಯವಿದೆ, ಮಧ್ಯದಲ್ಲಿ ಕೂರಿಸಿ," ಎಂದರಂತೆ. ಉಡುಪರು ತಾವಾಗಿ ಎದ್ದು ಜಾಗ ಕೊಟ್ಟರಂತೆ. ತನ್ನ ಜೀವವೂ ಒಬ್ಬ ಶತ್ರುವಿಗಾದರೂ ಬೇಕಾಗುವಷ್ಟು ಬೆಲೆಯದ್ದು ಎಂದು ಯಾರಾದರೂ ಬರೆದುಕೊಟ್ಟಿದ್ದರೆ ಸಾಕಿತ್ತು. ಅದನ್ನೇ ಬಿರಾಜದಾರರು ಇಲ್ಲವೆಂದು ಬರೆದಿದ್ದರು. ಆ ವರದಿ ಸುಳ್ಳಾಗಲಿಲ್ಲ. ಅರ್ಜಿದಾರರಿಂದ ಇತರರ ಜೀವಕ್ಕೆ ಅಪಾಯವಿದೆಯೇ ಎಂದು ಕೇಳುವ ಸಾಲು ಮಾತ್ರ ಅದರಲ್ಲಿ ಇರಲಿಲ್ಲ.

ಚನಿಯನ ಕಾಲು ಉಳಿಯಿತು, ಎರಡಿಂಚು ಗಿಡ್ಡವಾಗಿ. ಮುಂದಿನ ವಾರ ಬಿರಾಜದಾರರು ನೋಡಲು ಹೋದಾಗ ಅವನಿಗೆ ಎಲ್ಲ ಗೊತ್ತಾಗಿತ್ತು.

"ಹೋಟೆಲ್ ನಡೀತಾ ಉಂಟಾ ಸಾಮಿ?"

"ನಡದದ. ನಳಿನಾಕ್ಷಿ ಅಮ್ಮಾರು ನೋಡ್ಕೋತಾರ. ಅವ್ರ ಮನಿಯೊಳಗ ಈಗ ಚಿಲಕ ಹಾಕಂಗಿಲ್ಲಂತ."

"ದೋಸೆ?"

"ವಿಷ್ಣುಮೂರ್ತೀನ ಕಳಿಸ್ಯಾರ."

ಚನಿಯ ಹಾಸಿಗೆಯ ಅಂಚು ಹಿಡಿದು ಎದ್ದು ಕೂರಲು ನೋಡಿದ. "ಅವನಾ? ನನ್ನ ಕಾವಲಿ ಮುಂದೆ?" ನರ್ಸ್ ಓಡಿಬಂದು ಮಲಗಿಸಬೇಕಾಯಿತು.

ಸ್ಟೇಷನ್ನಿಗೆ ಮರಳಿದಾಗ ಭೀಮಮ್ಮನ ಮೇಜಿನ ಮೇಲೆ ಹೊಸ ಕಾಗದಗಳು ಬಿದ್ದಿದ್ದವು. ರಿವಾಲ್ವರ್ ಲೈಸೆನ್ಸಿಗೆ ಅರ್ಜಿಗಳು. ಒಬ್ಬ ಸ್ವೀಟ್ ಮಾರ್ಟಿನವ, ಒಬ್ಬ ಬಿಲ್ಡರ್, ಉಳಿದವರೆಲ್ಲ ಹೋಟೆಲಿನವರು. ಕಾರಣ ಎಲ್ಲದರಲ್ಲೂ ಒಂದೇ: ನೌಪಾಡಾದಲ್ಲಿ ಇತ್ತೀಚೆಗೆ ಹೋಟೆಲಿನ ಮೇಲೆ ನಡೆದ ಗುಂಡಿನ ದಾಳಿ.

"ವಿಚಾರಣಿಗೆ ಹೋಗಬೇಕಲ್ರಿ ಸಾಹೇಬ್ರ," ಎಂದಳು ಭೀಮಮ್ಮ. "ಏನೇನು ಕೇಳ್ಲಿ?"

ಬಿರಾಜದಾರರು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು.

"ಒಂದೇ ಕೇಳು. ಇವ್ರ ಭಾವನ ಹತ್ತರ ಅದ ಏನು ಅಂತ."